ಕಣ್ಣಿಲ್ಲದವರು ಕಂಡ ಜೇನಿನ ಸಂಸಾರ

ನಿಮ್ಮ ಕೊಟ್ಟಿಗೆಯ ಹಸು ಒಂಟಿಯಾಗಿದ್ದರೂ ಮೇವು ತಿಂದು ಬದುಕುತ್ತದೆ. ಕೋಳಿಯೂ ಅಷ್ಟೇ. ಆದರೆ ಒಂದು ಜೇನುನೊಣವನ್ನು ಹಿಡಿದು ಡಬ್ಬಿಯಲ್ಲಿಟ್ಟು, ಸಕ್ಕರೆ ನೀರು ಕೊಟ್ಟು ಎಷ್ಟೇ ಜೋಪಾನ ಮಾಡಿದರೂ ಅದು ಬೇಗ ಸೊರಗಿ ಸಾಯುತ್ತದೆ. ಹಸಿವಿನಿಂದಲ್ಲ, ಒಂಟಿತನದಿಂದ. ಆ ನೊಣದ ಮೈಯ ರಚನೆಯೇ ಹಾಗಿದೆ. ಮೈಯನ್ನು ಬೆಚ್ಚಗಿಟ್ಟುಕೊಳ್ಳಲು ಜೊತೆಯವರು ಬೇಕು, ಮೊಟ್ಟೆಯಿಡಲು ರಾಣಿ ಬೇಕು, ರಾಣಿಗೆ ಉಣಿಸಲು ಕೆಲಸಗಾರ ನೊಣ ಬೇಕು. ಈ ಸಂಸಾರದ ಒಳಗುಟ್ಟುಗಳಲ್ಲಿ ಮುಖ್ಯವಾದ ಹಲವನ್ನು ಮೊದಲು ಹೊರಗೆ ತಂದವರು ಎರಡು ಕಣ್ಣೂ ಕಾಣದ ಒಬ್ಬ ವ್ಯಕ್ತಿ ಎಂದರೆ ನೀವು ನಂಬುವಿರಾ? ಅವರ ಹೆಸರು ಫ್ರಾಂಸ್ವಾ ಹ್ಯೂಬರ್. ಊರು ಜಿನೀವಾ. ಈಗ ಅದು ಸ್ವಿಟ್ಜರ್ಲೆಂಡಿಗೆ ಸೇರಿದೆ. ಅವರು ಹುಟ್ಟಿದ ಕಾಲದಲ್ಲಿ ಅದೇ ಒಂದು ಪುಟ್ಟ ಗಣರಾಜ್ಯವಾಗಿತ್ತು.

ಹ್ಯೂಬರ್ ಹುಟ್ಟಿದ್ದು 1750ರ ಜುಲೈ 2ರಂದು, ಉಳ್ಳವರ ಮನೆಯಲ್ಲಿ. ತಂದೆ ಜಾನ್ ಹ್ಯೂಬರ್ ಹೆಸರಾಂತ ಚಿತ್ರಗಾರರು. ಹದ್ದು, ಗಿಡುಗಗಳು ಹೇಗೆ ಹಾರುತ್ತವೆ ಎಂಬುದನ್ನು ಕುರಿತು ಪುಸ್ತಕವನ್ನೇ ಬರೆದವರು. ಹುಡುಗನಿಗೆ ಓದಿನ ಹುಚ್ಚು. ರಾತ್ರಿಯೆಲ್ಲ ಮಂದ ದೀಪದಲ್ಲಿ, ದೀಪವಿಲ್ಲದಿದ್ದರೆ ಬೆಳದಿಂಗಳಲ್ಲಿ ಓದುತ್ತಿದ್ದನಂತೆ. ಹದಿನೈದರ ಹೊತ್ತಿಗೆ ಆರೋಗ್ಯ ಕೆಟ್ಟಿತು, ಕಣ್ಣೂ ಮಂಜಾಗತೊಡಗಿತು. ತಂದೆ ಅವನನ್ನು ಪ್ಯಾರಿಸ್ಸಿಗೆ ಕರೆದೊಯ್ದರು. ಅಲ್ಲಿ ಟ್ರೋಂಶ್ಯಾಂ ಎಂಬ ದೊಡ್ಡ ವೈದ್ಯರು ಕೊಟ್ಟ ಮದ್ದು ಏನು ಗೊತ್ತೇ? ಹಳ್ಳಿಯ ವಾಸ. ಪ್ಯಾರಿಸ್ ಬಳಿಯ ಒಂದು ಹಳ್ಳಿಯಲ್ಲಿ ಆ ಸಿರಿವಂತರ ಮಗ ರೈತರ ಹಾಗೆ ನೇಗಿಲು ಹಿಡಿದು ಉತ್ತ, ಹೊಲದ ಕೆಲಸಗಳಲ್ಲಿ ದಿನ ಕಳೆದ. ಮೈ ಗಟ್ಟಿಯಾಯಿತು. ಮಣ್ಣಿನ ಮೇಲೆ ಹುಟ್ಟಿದ ಪ್ರೀತಿ ಕೊನೆಯವರೆಗೂ ಉಳಿಯಿತು. ಆದರೆ ಕಣ್ಣಿನ ವಿಷಯದಲ್ಲಿ ವೈದ್ಯರು ಕೈಚೆಲ್ಲಿದರು. ಕೆಲವು ವರ್ಷಗಳಲ್ಲಿ ಪೂರ್ತಿ ಕತ್ತಲೆ ಕವಿಯಿತು.

ಅಷ್ಟರಲ್ಲಿ ಅವರ ಮನಸ್ಸು ಮರಿ ಎಮೆ ಲುಲಾಂ ಎಂಬ ಹುಡುಗಿಯ ಮೇಲೆ ನಿಂತಿತ್ತು. ನೃತ್ಯ ಕಲಿಯುವ ಶಾಲೆಯಲ್ಲಿ ಆದ ಪರಿಚಯ. ಕಣ್ಣು ಹೋಗುತ್ತಿದೆ ಎಂದು ತಿಳಿದರೆ ಹೆಣ್ಣು ಕೊಡಲಾರರೆಂದು ಹ್ಯೂಬರ್ ಕಾಣುವವರಂತೆ ನಟಿಸಿದ್ದೂ ಉಂಟು. ಹುಡುಗಿಯ ತಂದೆ ಜಿನೀವಾದ ಆಡಳಿತಗಾರರಲ್ಲಿ ಒಬ್ಬರು. ಕುರುಡನಿಗೆ ಮಗಳನ್ನು ಕೊಡುವುದಿಲ್ಲ ಎಂದುಬಿಟ್ಟರು. ಆ ತಂದೆಯನ್ನು ಬರಿದೇ ಬೈಯುವಂತಿಲ್ಲ, ನಮ್ಮಲ್ಲಿ ಎಷ್ಟು ಮಂದಿ ಕೊಟ್ಟೇವು? ಹುಡುಗಿ ಜಗಳವಾಡಲಿಲ್ಲ, ಮನೆ ಬಿಟ್ಟು ಓಡಲೂ ಇಲ್ಲ. ಅಲ್ಲಿನ ಕಾನೂನಿನಂತೆ ತನ್ನ ಇಷ್ಟದ ಮದುವೆಗೆ 25 ವರ್ಷ ತುಂಬಬೇಕಿತ್ತು. ಏಳು ವರ್ಷ ಕಾದಳು. 1776ರಲ್ಲಿ ವಯಸ್ಸು ತುಂಬಿದೊಡನೆ ಅವರನ್ನೇ ಮದುವೆಯಾದಳು. ನಲವತ್ತು ವರ್ಷ ಆಕೆ ಅವರಿಗೆ ಓದಿ ಹೇಳಿದಳು, ಅವರು ಹೇಳಿದ್ದನ್ನು ಬರೆದಳು. ಯುದ್ಧದ ಸುದ್ದಿ ಬಂದರೆ ದೊಡ್ಡ ಸಣ್ಣ ಗುಂಡುಸೂಜಿಗಳನ್ನು ಚುಚ್ಚಿ, ಯಾವ ಸೈನ್ಯ ಎಲ್ಲಿದೆ ಎಂದು ಅವರು ಬೆರಳಿನಿಂದ ತಡವಿ ತಿಳಿಯುವಂತೆ ಮಾಡುತ್ತಿದ್ದಳು. ಮನೆಯ ಸುತ್ತಲ ಕಾಲುದಾರಿಗಳಲ್ಲಿ ಹಗ್ಗ ಕಟ್ಟಿಸಿ, ಅಲ್ಲಲ್ಲಿ ಗಂಟು ಹಾಕಿಸಿದ್ದರು. ಹ್ಯೂಬರ್ ಹಗ್ಗ ಹಿಡಿದು ನಡೆಯುತ್ತ, ಗಂಟು ಸಿಕ್ಕ ಕಡೆ ಎಲ್ಲಿಗೆ ಬಂದೆನೆಂದು ತಿಳಿದುಕೊಳ್ಳುತ್ತಿದ್ದರು.

ಇನ್ನು ಮೂರನೆಯ ವ್ಯಕ್ತಿ ಫ್ರಾಂಸ್ವಾ ಬರ್ನೆನ್ಸ್. ಹ್ಯೂಬರ್ ಮನೆಯ ಆಳು, ಹಳ್ಳಿಯ ರೈತ ಕುಟುಂಬದವರು. ಆಳು ಎಂದು ಇವರನ್ನು ಏಕವಚನದಲ್ಲಿ ಬರೆಯಲು ನನ್ನ ಲೇಖನಿ ಒಪ್ಪುವುದಿಲ್ಲ. ಹ್ಯೂಬರ್ ಆಗ ರೆಯೋಮುರ್ ಎಂಬ ಫ್ರೆಂಚ್ ವಿದ್ವಾಂಸರು ಜೇನನ್ನು ಕುರಿತು ಬರೆದಿದ್ದ ಗ್ರಂಥವನ್ನು ಓದಿಸಿ ಕೇಳುತ್ತಿದ್ದರು. ಓದಿ ಹೇಳುವ ಬರ್ನೆನ್ಸರ ಬುದ್ಧಿ ಚುರುಕೆಂದು ಅವರಿಗೆ ಬೇಗ ಗೊತ್ತಾಯಿತು. ಆದರೂ ತಟ್ಟನೆ ನಂಬಲಿಲ್ಲ. ರೆಯೋಮುರ್ ಮಾಡಿದ್ದ ಪ್ರಯೋಗಗಳನ್ನೇ ಮೊದಲು ಇವರಿಂದ ಮಾಡಿಸಿದರು. ಇವರು ಕಂಡು ಹೇಳಿದ್ದು ಪುಸ್ತಕಕ್ಕೆ ತಾಳೆಯಾಯಿತು. ಆಮೇಲೆಯೇ ಯಾರೂ ನೋಡದ ಸಂಗತಿಗಳಿಗೆ ಕೈಹಾಕಿದ್ದು. ಪ್ರಶ್ನೆ ಹ್ಯೂಬರದು, ಕಣ್ಣು ಬರ್ನೆನ್ಸರದು. ಒಂದೇ ಸಂಗತಿಯನ್ನು ಬೇರೆ ಬೇರೆ ದಿನ, ಬೇರೆ ಬೇರೆ ಮಾತಿನಲ್ಲಿ ಕೇಳಿ, ಉತ್ತರ ಒಂದೇ ಬಂದರೆ ಮಾತ್ರ ಒಪ್ಪುತ್ತಿದ್ದರು. ಅದೇ ಊರಿನ ಹಿರಿಯ ವಿದ್ವಾಂಸ ಶಾರ್ಲ್ ಬೊನೆ ಅವರು ಸಲಹೆ ಕೊಡುತ್ತಿದ್ದರು. ಅವರಿಗೂ ಕಣ್ಣಿನ ತೊಂದರೆಯೇ!

ಆ ಕಾಲದ ಜೇನು ಸಾಕಣೆ ಹೇಗಿತ್ತೆಂದರೆ, ಹುಲ್ಲಿನಿಂದ ಹೆಣೆದ ಬುಟ್ಟಿಯಲ್ಲಿ ಜೇನು ಕೂಡಿಸುವುದು, ತುಪ್ಪ ಬೇಕಾದಾಗ ಗಂಧಕದ ಹೊಗೆ ಹಾಕಿ ನೊಣವನ್ನೆಲ್ಲ ಕೊಂದು ಎರಿ ಕೀಳುವುದು. ಒಳಗೆ ಏನು ನಡೆಯುತ್ತಿದೆ ಎಂದು ನೋಡುವ ದಾರಿಯೇ ಇಲ್ಲ. ಗಾಜಿನ ಪೆಟ್ಟಿಗೆ ಮಾಡಿದರೂ ಎರಡು ಎರಿಗಳ ನಡುವಿನ ಸಂಗತಿ ಮುಚ್ಚಿಯೇ ಇರುತ್ತಿತ್ತು. ಹ್ಯೂಬರ್ 1789ರ ಸುಮಾರಿಗೆ ಪುಸ್ತಕದ ಹಾಳೆಯಂತೆ ತೆರೆಯುವ ಗೂಡನ್ನು ಮಾಡಿಸಿದರು. ಮರದ ಚೌಕಟ್ಟುಗಳನ್ನು ಸಾಲಾಗಿ ತಿರುಗಣಿಯಿಂದ ಜೋಡಿಸಿ, ಒಂದೊಂದು ಚೌಕಟ್ಟಿಗೂ ಒಂದೊಂದು ಎರಿ. ಪುಟ ತಿರುವಿದಂತೆ ತಿರುವಿ ನೋಡಬಹುದು. ನಿಧಾನವಾಗಿ, ಗಾಬರಿಪಡಿಸದೆ ತೆರೆದರೆ ನೊಣ ಅಷ್ಟಾಗಿ ಕೆರಳುವುದಿಲ್ಲ ಎಂಬುದನ್ನೂ ಅವರು ಕಂಡುಕೊಂಡರು. ಆದರೂ ಬರ್ನೆನ್ಸ್ ತಿಂದ ಕಡಿತಕ್ಕೆ ಲೆಕ್ಕವಿಲ್ಲ.

ಮೊದಲ ಗುಟ್ಟು ರಾಣಿಯ ಬಸಿರು. ರಾಣಿ ಗಂಡಿನೊಡನೆ ಕೂಡುವುದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಗಂಡುನೊಣಗಳ ವಾಸನೆಯಿಂದಲೇ ರಾಣಿ ಫಲವತಿಯಾಗುತ್ತದೆ ಎಂದು ಒಬ್ಬರು, ಮೀನುಗಳಂತೆ ಮೊಟ್ಟೆಯಿಟ್ಟ ಮೇಲೆ ಗಂಡು ಬಂದು ಫಲಗೊಳಿಸುತ್ತದೆ ಎಂದು ಇನ್ನೊಬ್ಬರು ಹೇಳುತ್ತಿದ್ದರು. ಹ್ಯೂಬರ್ ಒಂದೊಂದನ್ನೂ ಪರೀಕ್ಷೆಗೊಡ್ಡಿದರು. ಗಂಡುಗಳನ್ನು ತೂತಿನ ಡಬ್ಬಿಯಲ್ಲಿ ಹಾಕಿ ರಾಣಿಯ ಬಳಿ ಇಟ್ಟರು, ಏನೂ ಆಗಲಿಲ್ಲ. ಗಂಡುಗಳನ್ನೆಲ್ಲ ತೆಗೆದುಹಾಕಿದ ಗೂಡಿನಲ್ಲೂ ಮೊಟ್ಟೆ ಒಡೆದು ಮರಿಯಾಯಿತು. ಕನ್ಯೆ ರಾಣಿಯನ್ನು ಗಂಡುಗಳ ಜೊತೆಯಲ್ಲೇ ಗೂಡಿನೊಳಗೆ ಕೂಡಿಹಾಕಿದರೆ ಬಂಜೆಯಾಗಿಯೇ ಉಳಿಯಿತು. ಕೊನೆಗೆ ಬಾಗಿಲು ಬಿಟ್ಟು ಇಬ್ಬರೂ ಕಾದು ಕುಳಿತರು. ರಾಣಿ ಹೊರಗೆ ಬಂದಿತು, ಸುತ್ತುತ್ತ ಮೇಲಕ್ಕೆ ಹಾರಿತು. ಸ್ವಲ್ಪ ಹೊತ್ತಿನ ಮೇಲೆ ಮರಳಿದಾಗ ಅದರ ಹಿಂಭಾಗದಲ್ಲಿ ಕೂಡಿದ ಗುರುತು ಸ್ಪಷ್ಟವಾಗಿತ್ತು. ಎರಡು ದಿನಗಳಲ್ಲಿ ಮೊಟ್ಟೆಯಿಡಲು ತೊಡಗಿತು. ಮದುವೆ ಆಕಾಶದಲ್ಲಿ! ಒಂದೇ ಗಂಡು ಸಾಕೆಂದು ಹ್ಯೂಬರ್ ಭಾವಿಸಿದ್ದರು. ಹತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಗಂಡುಗಳೊಡನೆ ರಾಣಿ ಕೂಡುತ್ತದೆಂದು ಈಗ ನಮಗೆ ಗೊತ್ತು.

ಇಲ್ಲೇ ಒಂದು ಒಗಟೂ ಹುಟ್ಟಿತು. ರಾಣಿಯನ್ನು ಹುಟ್ಟಿದ ಮೂರು ವಾರದವರೆಗೆ ಹಾರಲು ಬಿಡದೆ, ಆಮೇಲೆ ಬಿಟ್ಟರೆ, ಅದು ಇಡುವ ಮೊಟ್ಟೆಗಳಿಂದ ಬರೀ ಗಂಡುನೊಣಗಳೇ ಬಂದವು. ಕೆಲಸಗಾರ ನೊಣ ಒಂದೂ ಇಲ್ಲ. ಅಂಥ ಗೂಡು ಉಳಿಯುವುದುಂಟೇ? ಏಕೆ ಹೀಗೆ ಎಂದು ಹ್ಯೂಬರ್ ಜೀವನವಿಡೀ ತಲೆ ಕೆಡಿಸಿಕೊಂಡರು.

ಇನ್ನೊಂದು ಸಂಗತಿ. ರಾಣಿಯೇ ಇಲ್ಲದ ಗೂಡಿನಲ್ಲಿ ಮೊಟ್ಟೆ ಕಾಣಿಸಿಕೊಂಡಿತು. ಒಳಗೆ ಸಣ್ಣ ರಾಣಿ ಅಡಗಿದೆಯೋ, ಕೆಲಸಗಾರ ನೊಣವೇ ಮೊಟ್ಟೆಯಿಡುತ್ತಿದೆಯೋ? ತಿಳಿಯಲು ಒಂದೇ ದಾರಿ: ಒಂದೊಂದೇ ನೊಣವನ್ನು ಕೈಯಲ್ಲಿ ಹಿಡಿದು ನೋಡುವುದು. ಹ್ಯೂಬರ್ ಇದನ್ನು ಹೇಳಲು ಹಿಂಜರಿದರು. ಬರ್ನೆನ್ಸರೇ ಮುಂದೆ ಬಂದರು. ಸಾವಿರಾರು ನೊಣ! ಹನ್ನೊಂದು ದಿನ, ಕಣ್ಣಿಗೆ ವಿಶ್ರಾಂತಿ ಕೊಡಲು ಮಾತ್ರ ಬಿಡುವು ಮಾಡಿಕೊಂಡು, ಪ್ರತಿ ನೊಣದ ಕೊಂಡಿ, ಕಾಲು, ನಾಲಿಗೆ ನೋಡಿದರು. ರಾಣಿ ಒಂದೂ ಸಿಗಲಿಲ್ಲ. ಮೊಟ್ಟೆಯಿಡುತ್ತಿದ್ದುದು ಕೆಲಸಗಾರ ನೊಣವೇ. ಮುಂದೆ ಜಿನೀವಾದ ಕುಮಾರಿ ಜೂರಿನ್ ಎಂಬವರು ಕೆಲಸಗಾರ ನೊಣಗಳನ್ನು ಸೀಳಿ ನೋಡಿ, ಅವುಗಳ ಹೊಟ್ಟೆಯಲ್ಲೂ ಬೆಳೆಯದೆ ಉಳಿದ ಅಂಡಾಶಯ ಇದೆಯೆಂದು ತೋರಿಸಿಕೊಟ್ಟರು. ಎಂದರೆ ಕೆಲಸಗಾರ ನೊಣ ಹೆಣ್ಣೇ. ಮೈ ತುಂಬಲು ಅವಕಾಶವಿಲ್ಲದ ಹೆಣ್ಣು.

ಅವಕಾಶ ತಪ್ಪಿಸುವುದು ಮೇವು ಮತ್ತು ಕೋಣೆ. ಕೆಲಸಗಾರ ಮರಿಹುಳುವಿಗೆ ರಾಣಿಕೋಣೆಯನ್ನೂ ರಾಣಿಯ ಮೇವನ್ನೂ ಕೊಟ್ಟರೆ ಅದೇ ರಾಣಿಯಾಗುತ್ತದೆ ಎಂದು ಜರ್ಮನಿಯ ಪಾದ್ರಿ ಶಿರಾಖ್ ಹೇಳಿದ್ದರು. ಬಹಳ ಮಂದಿ ನಕ್ಕಿದ್ದರು. ಹ್ಯೂಬರ್ ಮಾಡಿ ನೋಡಿ ಅದು ನಿಜವೆಂದು ಸ್ಥಾಪಿಸಿದರು. ಒಂದೇ ಬಗೆಯ ಮೊಟ್ಟೆಯಿಂದ 21 ದಿನಕ್ಕೆ ಕೆಲಸಗಾರ ನೊಣ, 16 ದಿನಕ್ಕೆ ರಾಣಿ. ಒಂದು ದುಡಿದು ಆರು ವಾರದಲ್ಲಿ ಸಾಯುತ್ತದೆ, ಇನ್ನೊಂದು ಕೆಲವು ವರ್ಷ ಬದುಕುತ್ತದೆ. ಇದು ಯುರೋಪಿನ ನೊಣದ ಲೆಕ್ಕ. ನಮ್ಮ ತುಡುವೆಯದು ಇನ್ನೂ ಸ್ವಲ್ಪ ಬೇಗ.

ಈ ಪತ್ರಗಳೆಲ್ಲ ಸೇರಿ 1792ರಲ್ಲಿ ಪುಸ್ತಕವಾಯಿತು. ಕುರುಡರು ಕಂಡದ್ದೆಂದು ಮೂಗು ಮುರಿದವರೂ ಇದ್ದರು. ಆದರೆ ಪ್ರಯೋಗವನ್ನು ಹೇಗೆ ಮಾಡಿದೆವೆಂದು ಹ್ಯೂಬರ್ ಎಳೆಎಳೆಯಾಗಿ ಬರೆದಿದ್ದರು. ಸಂಶಯವಿದ್ದವರು ತಾವೇ ಮಾಡಿ ನೋಡಬಹುದಿತ್ತು, ನೋಡಿದವರಿಗೆ ಅದೇ ಕಂಡಿತು.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಗಾಳಿಯ ಪ್ರಯೋಗ. ಗೂಡಿಗೆ ಬಾಗಿಲು ಒಂದೇ, ಅದೂ ಕಿರಿದು. ಒಳಗೆ ಸಾವಿರಾರು ಜೀವ. ಉಸಿರು ಕಟ್ಟುವುದಿಲ್ಲವೇಕೆ? ಅಷ್ಟೇ ಬಾಗಿಲಿರುವ ಪೆಟ್ಟಿಗೆಯೊಳಗೆ ಹ್ಯೂಬರ್ ಮೇಣದಬತ್ತಿ ಹಚ್ಚಿಡಿಸಿದರು. ಸ್ವಲ್ಪ ಹೊತ್ತಿಗೆ ಆರಿಹೋಯಿತು. ಹಾಗಾದರೆ ನೊಣ ಉಳಿಯುವುದು ಹೇಗೆ? ಬರ್ನೆನ್ಸ್ ಕಂಡು ಹೇಳಿದ್ದು ಇದು: ಬಾಗಿಲ ಬಳಿ, ತಳದ ಹಲಗೆಯ ಮೇಲೆ ನೊಣಗಳು ಸಾಲಾಗಿ ನಿಂತು, ಕಾಲೂರಿ, ಎಡೆಬಿಡದೆ ರೆಕ್ಕೆ ಬೀಸುತ್ತಿವೆ. ಒಂದು ದಣಿದರೆ ಇನ್ನೊಂದು ಬಂದು ನಿಲ್ಲುತ್ತದೆ. ಬಾಗಿಲಿಗೆ ಹತ್ತಿಯ ಎಳೆ, ಕಾಗದದ ಚೂರು ತೂಗುಹಾಕಿದರು. ಗಾಳಿ ಒಳಗೂ ಹೊರಗೂ ಹರಿಯುವುದು ಕಂಡಿತು. ತಗಡಿನ ರೆಕ್ಕೆಗಳ ಬೀಸಣಿಗೆ ಮಾಡಿಸಿ ಮೇಣದಬತ್ತಿಯ ಪೆಟ್ಟಿಗೆಯಲ್ಲಿ ತಿರುಗಿಸಿದಾಗ ಬತ್ತಿ ಆರದೆ ಉರಿಯಿತು! ಗೆಳೆಯ ಸೆನೆಬಿಯೇ ಅವರೊಡನೆ ಗೂಡಿನ ಗಾಳಿಯನ್ನೇ ತೆಗೆದು ಪರೀಕ್ಷಿಸಿದಾಗ ಅದು ಹೆಚ್ಚುಕಡಿಮೆ ಹೊರಗಿನ ಗಾಳಿಯಷ್ಟೇ ಶುದ್ಧವಾಗಿತ್ತು. ಬಾಗಿಲು ಮುಚ್ಚಿದರೆ ನೊಣಗಳು ಉಸಿರುಕಟ್ಟಿ ಬಿದ್ದವು. ಇಬ್ಬರೂ ಸೇರಿ ಬೀಜ ಮೊಳೆಯಲು ಗಾಳಿ ಎಷ್ಟು ಬೇಕೆಂಬುದನ್ನೂ ಪರೀಕ್ಷಿಸಿ 1801ರಲ್ಲಿ ಪುಸ್ತಕ ಬರೆದರು.

ಪೆಟ್ಟಿಗೆ ಇಟ್ಟವರು ಬಿಸಿಲು ಏರಿದಾಗ ಬಾಗಿಲ ಬಳಿ ಕುಳಿತು ನೋಡಿರಿ, ಈ ಬೀಸುವ ಸಾಲು ಕಾಣುತ್ತದೆ. ಒಂದು ತಮಾಷೆ: ಯುರೋಪಿನ ನೊಣ ತಲೆಯನ್ನು ಗೂಡಿನ ಕಡೆ ಮಾಡಿ ಬೀಸಿ ಒಳಗಾಳಿಯನ್ನು ಹೊರಗೆ ಎಳೆಯುತ್ತದೆ. ನಮ್ಮ ತುಡುವೆ ತಲೆ ಹೊರಗೆ ಮಾಡಿ ನಿಂತು ಹೊರಗಾಳಿಯನ್ನು ಒಳಗೆ ತಳ್ಳುತ್ತದೆ. ಎರಡರ ಗುರಿಯೂ ಮರಿಗಳಿರುವ ಎರಿಯ ಬಿಸಿ ಸುಮಾರು 34–35 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳುವುದು. ಚಳಿಯಾದರೆ ಇದೇ ನೊಣಗಳು ಒತ್ತಾಗಿ ಮುತ್ತಿಕೊಂಡು, ರೆಕ್ಕೆಯಾಡಿಸದೆ ಎದೆಯ ಮಾಂಸಖಂಡಗಳನ್ನು ಅದುರಿಸಿ ಬಿಸಿ ಹುಟ್ಟಿಸುತ್ತವೆ. ಒಂಟಿ ನೊಣದ ಪುಟ್ಟ ಮೈಗೆ ಈ ಕೆಲಸ ಆಗದು. ಹುಟ್ಟಿದ ಬಿಸಿ ಆಗಲೇ ಆರಿಹೋಗುತ್ತದೆ. ಆಡುಮರಿಗಳು ಚಳಿಯಲ್ಲಿ ಒಂದರ ಮೈಗೊಂದು ಅಂಟಿ ಮಲಗುವುದನ್ನು ನೀವು ಕಂಡಿದ್ದೀರಿ, ಅದೇ ಲೆಕ್ಕ.

ಮೇಣದ ಮಾತೂ ಹಾಗೆಯೇ. ಹೂವಿನ ಬಂಡನ್ನು ಅಗಿದು ನೊಣ ಮೇಣ ಮಾಡುತ್ತದೆ ಎಂದು ಆಗಿನವರ ನಂಬಿಕೆ. ಹ್ಯೂಬರ್ ಒಂದು ಹಿಂಡನ್ನು ಕೂಡಿಹಾಕಿ ಜೇನುತುಪ್ಪ ಮತ್ತು ನೀರು ಮಾತ್ರ ಕೊಟ್ಟರು. ಎರಿ ಕಟ್ಟಿದವು. ಎರಿ ಕಿತ್ತು ಮತ್ತೆ ತುಪ್ಪ ಕೊಟ್ಟರು, ಮತ್ತೆ ಕಟ್ಟಿದವು. ಹೀಗೆ ಹಲವು ಸಾರಿ. ಬಂಡು ಮಾತ್ರ ಕೊಟ್ಟ ಹಿಂಡು ಒಂದು ಚೂರು ಮೇಣವನ್ನೂ ಮಾಡಲಿಲ್ಲ. ಬಂಡು ಬೇಕಾದದ್ದು ಮರಿಗಳಿಗೆ. ಅದಿಲ್ಲದ ಗೂಡಿನಲ್ಲಿ ಮರಿಹುಳುಗಳು ಸೊರಗಿದವು. ಮೇಣ ಬರುವುದು ಕೆಲಸಗಾರ ನೊಣದ ಹೊಟ್ಟೆಯಡಿಯ ಪೊರೆಗಳಿಂದ, ಬೆವರಿನಂತೆ. ಇಂಗ್ಲೆಂಡಿನ ವೈದ್ಯ ಜಾನ್ ಹಂಟರ್ 1792ರಲ್ಲಿ ಆ ಪೊರೆಗಳನ್ನು ಗುರುತಿಸಿದ್ದರು. ತುಪ್ಪವೇ ಮೇಣವಾಗುತ್ತದೆಂದು ಪ್ರಯೋಗದಿಂದ ತೋರಿಸಿದ್ದು ಹ್ಯೂಬರ್. ತುಪ್ಪ ಉಂಡ ನೊಣಗಳು ಕಾಲಿಗೆ ಕಾಲು ಹೆಣೆದು ಸರಪಳಿಯಂತೆ ಜೋತುಬಿದ್ದು ಕಾಯುವುದನ್ನು ನೀವೂ ಕಂಡಿರಬಹುದು. ಅಲ್ಲಿ ಮೇಣ ಕೂಡುತ್ತಿರುತ್ತದೆ. ಕಟ್ಟಿದ ಎರಿಯನ್ನು ಕೆಡಿಸದೆ ತುಪ್ಪ ತೆಗೆದು ಮರಳಿ ಕೊಡಬೇಕೆಂದು ಹೇಳುವುದು ಏಕೆಂದು ಈಗ ಹೊಳೆಯಿತಲ್ಲ? ಹೊಸ ಎರಿಗೆ ಖರ್ಚಾಗುವುದು ನಿಮ್ಮ ತುಪ್ಪವೇ.

ಹಿಂಡು ಹಿಂಡಾಗಿ ಉಳಿಯುವುದು ಯಾವ ಕಟ್ಟಿನಿಂದ? ರಾಣಿಯನ್ನು ತೆಗೆದರೆ ಸ್ವಲ್ಪ ಹೊತ್ತಿಗೆ ಗೂಡೆಲ್ಲ ಗಲಿಬಿಲಿಯಾಗುತ್ತದೆ. ಹ್ಯೂಬರ್ ಗೂಡಿನೊಳಗೆ ಒಂಟಿ ಜಾಲರಿ ಹಾಕಿ ಆಚೆ ರಾಣಿಯನ್ನಿಟ್ಟರು. ಜಾಲರಿಯ ಕಂಡಿಯಲ್ಲಿ ಮೀಸೆ ತೂರಿಸಿ ನೊಣಗಳು ರಾಣಿಯನ್ನು ಮುಟ್ಟಿದವು, ಸುಮ್ಮನಿದ್ದವು. ನಡುವೆ ಅಂತರ ಬಿಟ್ಟು ಜೋಡಿ ಜಾಲರಿ ಹಾಕಿದರು. ರಾಣಿ ಅಲ್ಲೇ ಇದೆ, ವಾಸನೆಯೂ ಬರುತ್ತದೆ, ಮೀಸೆ ಮಾತ್ರ ಮುಟ್ಟದು. ಆಗ ರಾಣಿ ಸತ್ತಂತೆಯೇ ಗಲಿಬಿಲಿಯಾಗಿ ಹೊಸ ರಾಣಿಕೋಣೆ ಕಟ್ಟತೊಡಗಿದವು! ಮುಟ್ಟುವುದರಲ್ಲಿ ಏನೋ ಇದೆ ಎಂದು ಅವರು ತಿಳಿದರು. ಆ ಏನೋ ಎಂಬುದು ರಾಣಿಯ ಮೈಯಿಂದ ಒಸರುವ ಒಂದು ದ್ರವ್ಯವೆಂದೂ, ನೊಣದಿಂದ ನೊಣಕ್ಕೆ ಹರಡಿ ಕೆಲಸಗಾರ ನೊಣಗಳ ಅಂಡಾಶಯ ಬೆಳೆಯದಂತೆ ತಡೆಯುತ್ತದೆಂದೂ ಇಂಗ್ಲೆಂಡಿನ ಬಟ್ಲರ್ ತೋರಿಸಿಕೊಟ್ಟದ್ದು 1950ರ ದಶಕದಲ್ಲಿ.

1795ರಲ್ಲಿ ಬರ್ನೆನ್ಸ್ ತಮ್ಮ ಊರಿಗೆ ಮರಳಿದರು. ಮನೆಯವರ ಕರೆ ಬಂದಿತ್ತು. ಅಲ್ಲಿ ಜನರ ಗೌರವ ಗಳಿಸಿ ಊರ ಮುಖ್ಯಾಧಿಕಾರಿಗಳಲ್ಲಿ ಒಬ್ಬರಾದರು. ಹ್ಯೂಬರರಿಗೆ ಎರಡನೆಯ ಬಾರಿ ಕಣ್ಣು ಹೋದಂತಾಯಿತು ಎಂದರೆ ಹೆಚ್ಚಲ್ಲ. ಆಮೇಲೆ ಹೆಂಡತಿ ನೋಡಿದರು, ಮಗ ಪಿಯರ್ ನೋಡಿದ. 1814ರಲ್ಲಿ ಪುಸ್ತಕದ ಎರಡನೆಯ ಮುದ್ರಣ ಎರಡು ಸಂಪುಟಗಳಾಗಿ ಬಂದಾಗ ಅದನ್ನು ಸಿದ್ಧಪಡಿಸಿದವನು ಮಗನೇ. ಅಷ್ಟರಲ್ಲಿ ಅವನು 1810ರಲ್ಲಿ ಇರುವೆಗಳ ಬಗ್ಗೆ ಸ್ವಂತ ಪುಸ್ತಕ ಬರೆದು, ಕೆಲವು ಜಾತಿಯ ಇರುವೆ ಬೇರೆ ಜಾತಿಯ ಮರಿಗಳನ್ನು ಹೊತ್ತು ತಂದು ಆಳುಗಳನ್ನಾಗಿ ಬೆಳೆಸುತ್ತವೆ ಎಂದು ತಿಳಿಸಿದ್ದ.

ಹೆಂಡತಿ ತೀರಿಕೊಂಡ ಮೇಲೆ ಹ್ಯೂಬರ್ ಲೌಸಾನ್ ಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದರು. 1831ರ ಡಿಸೆಂಬರ್ 22ರಂದು, 81ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ತೆರೆಯುವ ಗೂಡನ್ನು ಬಲ್ಲ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ, ನೊಣ ಮೇಣದಿಂದ ಮುಚ್ಚದೆ ಬಿಡುವ ಅಂತರ ಎಷ್ಟೆಂದು ಕಂಡುಹಿಡಿದು, ಎತ್ತಿ ತೆಗೆಯಬಹುದಾದ ಚೌಕಟ್ಟಿನ ಪೆಟ್ಟಿಗೆ ಮಾಡಿದರು. ಕೊಡಗಿನಲ್ಲೂ ಕರಾವಳಿ ಮಲೆನಾಡುಗಳಲ್ಲೂ ತುಡುವೆ ಸಾಕುವ ಪೆಟ್ಟಿಗೆ ಆ ಕುಲದ್ದೇ.

ಬರೀ ಗಂಡು ಹುಟ್ಟಿಸುವ ರಾಣಿಯ ಒಗಟು ಮಾತ್ರ ಹ್ಯೂಬರ್ ಇರುವಾಗ ಬಿಡಿಸಲಿಲ್ಲ. 1845ರಲ್ಲಿ ಸೈಲೀಸಿಯಾದ ಪಾದ್ರಿ ಜೀರ್ಜೋನ್ ಅದನ್ನು ಬಿಡಿಸಿದರು. ಫಲಿತ ಮೊಟ್ಟೆಯಿಂದ ಹೆಣ್ಣು, ಫಲಿಸದ ಮೊಟ್ಟೆಯಿಂದ ಗಂಡು. ಕಾಲ ಮೀರಿದ ರಾಣಿ ಕೂಡುವ ಶಕ್ತಿ ಕಳೆದುಕೊಂಡಿರುತ್ತದೆ. ಕೆಲಸಗಾರ ನೊಣವಂತೂ ಕೂಡುವುದೇ ಇಲ್ಲ. ಆದ್ದರಿಂದ ಎರಡರ ಮೊಟ್ಟೆಯೂ ಗಂಡೇ. ನಿಮ್ಮ ಪೆಟ್ಟಿಗೆಯಲ್ಲಿ ಒಂದೇ ಕೋಣೆಯೊಳಗೆ ಎರಡು ಮೂರು ಮೊಟ್ಟೆ ಅಡ್ಡಾದಿಡ್ಡಿಯಾಗಿ ಬಿದ್ದಿದ್ದು, ಕೆಲಸಗಾರ ಕೋಣೆಗಳ ಮುಚ್ಚಳ ಗುಮ್ಮಟದಂತೆ ಉಬ್ಬಿದ್ದರೆ ರಾಣಿ ಹೋಗಿ ಬಹಳ ದಿನವಾಯಿತೆಂದು ತಿಳಿಯಿರಿ. ಬೇರೆ ಕುಟುಂಬದಿಂದ ಎಳೆಯ ಮರಿಗಳಿರುವ ಎರಿಯನ್ನು ತಂದು ಕೊಟ್ಟು ನೋಡಿರಿ; ರಾಣಿಕೋಣೆ ಕಟ್ಟದಿದ್ದರೆ ರಾಣಿಯಿರುವ ಇನ್ನೊಂದು ಕುಟುಂಬದೊಡನೆ ಸೇರಿಸಿಬಿಡಿರಿ.